ಕನ್ನಂಬಾಡಿ ಹಿನ್ನೀರಿನ ದಂಡೆ ಎಷ್ಟು ಉದ್ದ?

ಮಂಡ್ಯ ಸೀಮೆಯಲ್ಲಿ ಮುಂಗಾರು ಹಿಡಿಯಿತೆಂದರೆ ರೈತರ ಬಾಯಲ್ಲಿ ಒಂದೇ ಪ್ರಶ್ನೆ: ‘ಕಟ್ಟೆ ಎಷ್ಟಡಿ ಐತೆ?’ 124.80 ಅಡಿ ಎಂದರೆ ತುಂಬಿತು, ಬಾಗಿನ ಬಿಡಲು ಮುಖ್ಯಮಂತ್ರಿ ಬರುತ್ತಾರೆ. ಇಲ್ಲಿನ ಜನಕ್ಕೆ ಅಡಿ ಗೊತ್ತು, ಕ್ಯುಸೆಕ್ ಗೊತ್ತು, ಟಿಎಂಸಿಯಂತೂ ನಾಲಗೆಯ ತುದಿಯಲ್ಲೇ ಇದೆ. ಈ ನೀರಿನ ಅಂಚು ಹಿಡಿದು ಒಂದು ಸುತ್ತು ನಡೆದು ಬಂದರೆ ಎಷ್ಟು ದೂರವಾದೀತು ಎಂದು ಕೇಳಿದವರನ್ನು ಮಾತ್ರ ನಾನು ಕಂಡಿಲ್ಲ.

ಇಂಥ ನಡಿಗೆಗೆಂದೇ ಬ್ರಿಟನ್ನಿನ ವೇಲ್ಸ್ 2012ರಲ್ಲಿ ತನ್ನ ಇಡೀ ಕರಾವಳಿಯ ಗುಂಟ ಸುಮಾರು 1,400 ಕಿ.ಮೀ. ಕಾಲುದಾರಿ ತೆರೆಯಿತು. ಮಂಡ್ಯಕ್ಕೆ ಕಡಲಿಲ್ಲ. ಇರುವುದು 1911ರಲ್ಲಿ ಕೆಲಸ ಶುರುವಾಗಿ ಎರಡು ದಶಕ ಹಿಡಿದ, ಸಿಮೆಂಟಿನ ಬದಲು ಸುರ್ಕಿ ಗಾರೆಯಲ್ಲಿ ಕಟ್ಟಿದ 2.6 ಕಿ.ಮೀ. ಉದ್ದದ ಕನ್ನಂಬಾಡಿ ಕಟ್ಟೆ, ಅದರ ಹಿಂದೆ ಸುಮಾರು 130 ಚದರ ಕಿ.ಮೀ. ನೀರು.

ಮೊದಲು ನೀರಿನ ಲೆಕ್ಕ. ಕಟ್ಟೆ ತುಂಬಿದಾಗ ನಿಲ್ಲುವ 49.45 ಟಿಎಂಸಿ ಎಂದರೆ 1.4 ಲಕ್ಷ ಕೋಟಿ ಲೀಟರ್. ಭೂಮಿಯ ಮೇಲಿನ 800 ಕೋಟಿ ಜನಕ್ಕೂ ಹಂಚಿದರೆ ತಲೆಗೆ 175 ಲೀಟರ್. ಇಷ್ಟು ನೀರನ್ನು ಆ 130 ಚದರ ಕಿ.ಮೀ. ಜಾಗದಲ್ಲಿ ಸಮನಾಗಿ ಹರಡಿದರೆ ಆಳ ಮಾತ್ರ 35 ಅಡಿ. ಕಟ್ಟೆಯ ಎತ್ತರ ನೋಡಿ ಹಂಡೆ ಎಂದುಕೊಂಡಿರುತ್ತೇವೆ. ನಿಜಕ್ಕೂ ಅದು ಹರಿವಾಣ. ದಂಡೆಯ ಕಥೆಯೆಲ್ಲ ಇರುವುದು ಇಲ್ಲೇ.

130 ಚದರ ಕಿ.ಮೀ. ನೀರು ಚಕ್ರದಂತೆ ದುಂಡಗೆ ನಿಂತಿದ್ದರೆ ಅದರ ಸುತ್ತಳತೆ 40 ಕಿ.ಮೀ. ಗಟ್ಟಿ ಕಾಲಿನವರಿಗೆ ಒಂದು ದಿನದ ನಡಿಗೆ. ಅದಕ್ಕಿಂತ ಕಡಿಮೆಯಾಗಲು ರೇಖಾಗಣಿತ ಬಿಡುವುದಿಲ್ಲ. ಅದೇ ನೀರನ್ನು 1 ಕಿ.ಮೀ. ಅಗಲದ ಪಟ್ಟಿಯಾಗಿ ಎಳೆದರೆ ದಂಡೆ 262 ಕಿ.ಮೀ.! ಕನ್ನಂಬಾಡಿ ದುಂಡಗೂ ಇಲ್ಲ, ಪಟ್ಟಿಯೂ ಅಲ್ಲ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥದ ಕಣಿವೆಗಳಲ್ಲಿ ನೀರು ಹಿಂದಕ್ಕೆ ಚಾಚಿಕೊಂಡಿದೆ. ಪ್ರತಿ ಹಳ್ಳದ ಬಾಯಲ್ಲೂ ಒಳಕ್ಕೆ ತೂರಿದೆ.

ಹಾಗಾದರೆ ಅಳೆದೇ ಬಿಡೋಣ ಎಂದರೆ, ಅಳತೆಗೋಲು ಚಿಕ್ಕದಾದಷ್ಟೂ ದಂಡೆ ಬೆಳೆಯುತ್ತದೆ. ಬೆನ್ವಾ ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಬ್ರಿಟನ್ನಿನ ಕರಾವಳಿ ಎಷ್ಟು ಉದ್ದ ಎಂದು ಕೇಳಿ ಪ್ರಸಿದ್ಧನಾದದ್ದು ಈ ಒಗಟಿನಿಂದಲೇ. ನಮ್ಮ ಸರ್ಕಾರಕ್ಕೂ ಇದರ ಅನುಭವವಾಗಿದೆ: 1970ರ ದಶಕದ ಲೆಕ್ಕದಲ್ಲಿ 7,516 ಕಿ.ಮೀ. ಇದ್ದ ಭಾರತದ ಕರಾವಳಿ ಹೊಸ, ಸೂಕ್ಷ್ಮ ಅಳತೆಯಲ್ಲಿ 11,098 ಕಿ.ಮೀ. ಆಯಿತು. ಕರ್ನಾಟಕದ್ದು 280ರಿಂದ 343ಕ್ಕೆ ಏರಿತು. ಒಂದಡಿ ಒತ್ತುವರಿ ಮಾಡದೆ 63 ಕಿ.ಮೀ. ಗಳಿಸಿದ್ದು ಕಂದಾಯ ಇಲಾಖೆಯವರಿಗೂ ಹೊಟ್ಟೆಕಿಚ್ಚು ತರಿಸುವಂಥದ್ದು.

ಕಡಲಾದರೂ ಇದ್ದಲ್ಲೇ ಇರುತ್ತದೆ. ಹಿನ್ನೀರು ನಿಲ್ಲುವುದಿಲ್ಲ. ಕೆಟ್ಟ ಬೇಸಿಗೆಯಲ್ಲಿ ಕಟ್ಟೆ 85 ಅಡಿಗೆ ಇಳಿಯಿತೆನ್ನಿ. 40 ಅಡಿ ಹೋಯಿತು. ನೂರಡಿಗೆ ಒಂದಡಿ ಇಳಿಜಾರಿರುವ ನೆಲದಲ್ಲಿ ನೀರಿನ ಅಂಚು 4,000 ಅಡಿ, ಅಂದರೆ 1.2 ಕಿ.ಮೀ. ಹಿಂದೆ ಸರಿದಿರುತ್ತದೆ. ಶ್ರಾವಣದಲ್ಲಿ ನಡೆದವನ ಹೆಜ್ಜೆ ಹುಡುಕಿಕೊಂಡು ಮೇ ತಿಂಗಳಲ್ಲಿ ಹೋದವನಿಗೆ ಬೇರೆಯದೇ ಕೆರೆ ಎದುರಾಗುತ್ತದೆ. ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ದಶಕಗಳ ಕಾಲ ಹೀಗೆ ನೀರು ಬತ್ತಿದಾಗಲಷ್ಟೇ ತಲೆ ತೋರಿಸುತ್ತಿತ್ತು. ಆಮೇಲೆ 16 ಸಾವಿರಕ್ಕೂ ಹೆಚ್ಚು ಫೋಟೊ ತೆಗೆದು, ಕಲ್ಲು ಕಲ್ಲಿಗೂ ಗುರುತು ಹಾಕಿ, ಬಿಚ್ಚಿ ತಂದು ದಡದ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು.

ವೇಲ್ಸಿನಂತೆ ಹೆಸರಿಟ್ಟ ಕಾಲುದಾರಿ ಇಲ್ಲಿಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಕಟ್ಟೆ ಬಿಟ್ಟು ಉತ್ತರ ದಡ ಹಿಡಿದರೆ ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿ, ಮುಂದೆ ಕೆ.ಆರ್. ಪೇಟೆ ತಾಲ್ಲೂಕಿನ ಅಂಬಿಗರಹಳ್ಳಿ. ಮೂರು ನದಿಗಳ ಈ ಸಂಗಮದಲ್ಲಿ 2022ರ ಅಕ್ಟೋಬರ್‌ನಲ್ಲಿ ಮಹಾಕುಂಭಮೇಳ ನಡೆಯಿತು. ಎದುರು ದಡ ಕಣ್ಣೆದುರೇ ಕಂಡರೂ ಕಾಲ್ನಡಿಗೆಯವರು ಸೇತುವೆ ಹುಡುಕಿಕೊಂಡು ಹೇಮಾವತಿಯ ಮೇಲ್ಮೇಲಕ್ಕೆ ಹೋಗಲೇಬೇಕು. ನಡಿಗೆ ಸಾಕೆನಿಸಿದರೆ ಪಾಂಡವಪುರದ ಕುಂತಿಬೆಟ್ಟ ಹತ್ತಬಹುದು, ತೊಣ್ಣೂರು ಕೆರೆಯ ಏರಿಯ ಮೇಲೆ ಗಾಳಿಗೆ ಕೂರಬಹುದು, ಅಣೆಕಟ್ಟೆಯ ಕೆಳಗೆ ರಂಗನತಿಟ್ಟಿನಲ್ಲಿ ದೋಣಿ ಹತ್ತಿ ಕೊಕ್ಕರೆ, ಮೊಸಳೆ ನೋಡಬಹುದು. ಕಾವೇರಿಯ ಬಲಮುರಿಯಲ್ಲಿ ಮಾತ್ರ ನೀರಿಗಿಳಿಯುವ ಮುನ್ನ ಸ್ಥಳೀಯರ ಮಾತು ಕೇಳಿ.

ಇದೇ ಮಂಡ್ಯ ಸೀಮೆಯವರಾದರೂ ನಾಗಮಂಗಲ ತಾಲ್ಲೂಕಿನವರಿಗೆ ಈ ಹಿನ್ನೀರಿನ ಒಂದು ಮಾರು ದಂಡೆಯೂ ಇಲ್ಲ. ಅವರ ಪಾಲಿಗೆ ಲೋಕಪಾವನಿ ಇದೆ. ತಮ್ಮ ತಾಲ್ಲೂಕಿನಲ್ಲೇ ಹುಟ್ಟುವ ಆ ಹೊಳೆಯ ಜೊತೆ ಇಳಿಯುತ್ತ ಬಂದರೆ ಕರಿಘಟ್ಟದ ಬಳಿ ಕಾವೇರಿ ಸಿಗುತ್ತಾಳೆ. ಅದೂ ಕಟ್ಟೆಯ ಕೆಳಗಡೆ. ಹಿನ್ನೀರೇ ಬೇಕೆಂದರೆ ಅಲ್ಲಿಂದ ಮತ್ತೆ ಮೇಲಕ್ಕೆ ನಡೆಯಬೇಕು.