ಕೊಳ್ಳೇಗಾಲದಲ್ಲಿ ಕಟ್ಟಿದ ತಮಿಳು ಹಳ್ಳಿ

ಬೆಂಗಳೂರಿನ ಗರುಡಾಚಾರ್‌ಪಾಳ್ಯದಲ್ಲಿ ತಮಿಳು ಸಿನಿಮಾದ ಮಾತು ತೆಗೆದರೆ ಜೊತೆಗೆ ಕೂರಲು ಜನಕ್ಕೆ ಬರವಿಲ್ಲ. ಮೆಟ್ರೊ ನಿಲ್ದಾಣದ ಹತ್ತಿರದ ಟೀ ಅಂಗಡಿಯಲ್ಲಿ ಒಂದು ಸಂಜೆ ‘ಪದಿನಾರು ವಯದಿನಿಲೆ’ ಚಿತ್ರದ ಸುದ್ದಿ ಬಂತು. ಅಂಗಡಿಯವರು ಲೋಟ ತೊಳೆಯುತ್ತಲೇ ತೀರ್ಪು ಕೊಟ್ಟರು: “ಅದು ನಮ್ಮ ತೇನಿ ಕಡೆ ಊರು ಸಾರ್, ನೋಡಿದ ತಕ್ಷಣ ಗೊತ್ತಾಗುತ್ತೆ.” “ಇಲ್ಲಣ್ಣ, ಅದು ನಮ್ಮ ಕೊಳ್ಳೇಗಾಲ” ಅಂದೆ. ಅವರು ನಂಬಲಿಲ್ಲ.

ನಂಬದಿರುವುದರಲ್ಲಿ ಅವರ ತಪ್ಪೇನೂ ಇಲ್ಲ. ನಿರ್ದೇಶಕ ಭಾರತಿರಾಜಾ ತೇನಿ ಕಡೆಯ ಅಲ್ಲಿನಗರಂನವರು. 1977ರ ಸೆಪ್ಟೆಂಬರ್ 15ರಂದು ತೆರೆಕಂಡ ಈ ಚಿತ್ರ ಅವರ ಮೊದಲನೆಯದು. ತಮಿಳು ಸಿನಿಮಾವನ್ನು ಮದ್ರಾಸಿನ ಸ್ಟುಡಿಯೋಗಳಿಂದ ಹಳ್ಳಿಯ ಬೀದಿಗೆ ಎಳೆತಂದದ್ದು ಇದೇ ಎಂದು ಈಗಲೂ ಹೇಳುತ್ತಾರೆ. ಆದರೆ ಚಿತ್ರೀಕರಣ ನಡೆದದ್ದು ಹೆಚ್ಚಾಗಿ ಮೈಸೂರು, ಕೊಳ್ಳೇಗಾಲದ ಸುತ್ತ. ಹದಿನಾರರ ಹುಡುಗಿ ಮಯಿಲು, ಅವಳನ್ನು ಮೆಚ್ಚುವ ಕುಂಟ ಚಪ್ಪಾಣಿ, ಊರ ಪುಂಡ ಪರಟ್ಟೈ, ಪೇಟೆಯಿಂದ ಬಂದು ಆಸೆ ಹುಟ್ಟಿಸಿ ಹೊರಟುಹೋಗುವ ದನದ ಡಾಕ್ಟರು, ಇವರೆಲ್ಲ ಓಡಾಡಿದ್ದು ಕರ್ನಾಟಕದ ಮಣ್ಣಿನಲ್ಲಿ.

ಹಾಗಾದರೆ ಕನ್ನಡದ ಊರೊಂದು ತಮಿಳು ಹಳ್ಳಿಯಾಗಿ ಕಂಡದ್ದು ಹೇಗೆ?

ಮೊದಲ ಕಾರಣ ಕ್ಯಾಮೆರಾಕ್ಕೂ ಹಿಂದಿನದು. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ವರ್ಷದ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ಗಡಿ ಗೆರೆ ಬದಲಾಯಿತೇ ಹೊರತು ಹೊಲ, ಹುಣಿಸೆಮರ, ಹೆಂಚಿನ ಮನೆ ಬದಲಾಗಲಿಲ್ಲ. ಮೈಸೂರು ಬೇರೆ ಹತ್ತಿರ. ಪ್ರೀಮಿಯರ್ ಸ್ಟುಡಿಯೋ ಇದ್ದ ಆ ಊರಿಗೆ ಸಿನಿಮಾದವರ ಓಡಾಟ ಹೊಸದಲ್ಲ. ನಟರನ್ನು ಇಳಿಸಲು ಹೋಟೆಲು, ಸಾಮಾನು ಸಾಗಿಸಲು ವ್ಯಾನು, ಗುಂಪಿನ ದೃಶ್ಯಕ್ಕೆ ಜನ ಎಲ್ಲಕ್ಕೂ ಅನುಕೂಲ.

ಎರಡನೆಯ ಕಾರಣ ಗುರು. ಭಾರತಿರಾಜಾ ಸಹಾಯಕ ನಿರ್ದೇಶಕರಾಗಿ ಪಳಗಿದ್ದು ಪುಟ್ಟಣ್ಣ ಕಣಗಾಲ್ ಅವರ ಬಳಿ. ಪುಟ್ಟಣ್ಣ ಕಲಿತದ್ದು ಕೋಲಾರದ ಕಡೆಯ ಬಿ.ಆರ್. ಪಂತುಲು ಅವರಿಂದ. ಆ ಪಂತುಲು ಅವರೇ ಮದ್ರಾಸಿನಲ್ಲಿ ಕೂತು ತಮಿಳಿಗೆ ‘ವೀರಪಾಂಡಿಯ ಕಟ್ಟಬೊಮ್ಮನ್’ ಮಾಡಿಕೊಟ್ಟವರು. ಮುಂದೆ ‘ಪದಿನಾರು ವಯದಿನಿಲೆ’ಯಲ್ಲಿ ಭಾರತಿರಾಜಾ ಅವರಿಗೆ ಸಹಾಯಕರಾಗಿದ್ದದ್ದು ಭಾಗ್ಯರಾಜ್. ನಾಲ್ಕು ತಲೆಮಾರಿನ ಈ ವಂಶಾವಳಿ ನಮ್ಮ ಹಳೆ ಮದ್ರಾಸ್ ರಸ್ತೆಯಂತೆಯೇ, ಎರಡು ಕಡೆಯಿಂದಲೂ ಬಂಡಿ ಓಡಾಡಿದ ದಾರಿ. ಪುಟ್ಟಣ್ಣ 1972ರ ‘ನಾಗರಹಾವು’ಗಾಗಿ ಚಿತ್ರದುರ್ಗದ ಕೋಟೆಯನ್ನೇ ಬಳಸಿದ್ದನ್ನು ಕನ್ನಡಿಗರಿಗೆ ನೆನಪಿಸಬೇಕಿಲ್ಲ. ಬಂಡೆ, ಬಯಲು, ಮೆಟ್ಟಿಲುಗಳನ್ನು ಕಥೆಯ ಒಳಕ್ಕೆ ತರುವ ಆ ಪಾಠ ಶಿಷ್ಯನ ಚಿತ್ರದಲ್ಲೂ ಕಾಣುತ್ತದೆ. ಇನ್ನೂ ಒಂದು ನಂಟಿದೆ. ಪುಟ್ಟಣ್ಣನವರ ‘ಕಥಾ ಸಂಗಮ’ದ ‘ಮುನಿತಾಯಿ’ ಕಥೆಯಲ್ಲಿ ಹಳ್ಳಿಯ ದುಷ್ಟನಾಗಿದ್ದ ರಜನಿಕಾಂತ್, ಅಂದರೆ ಒಂದು ಕಾಲಕ್ಕೆ ಬೆಂಗಳೂರಿನ ಬಿಟಿಎಸ್ ಬಸ್ಸಿನ ಕಂಡಕ್ಟರು, ಇಲ್ಲಿ ಪರಟ್ಟೈ ಆದರು.

ಈಗ ದುಡ್ಡಿನ ವಿಷಯ, ಹಳ್ಳಿ ಚಿತ್ರಗಳ ರೂಪ ನಿಂತಿರುವುದೇ ಅದರ ಮೇಲೆ. ಭಾರತಿರಾಜಾ ಮೊದಲು ಯೋಚಿಸಿದ್ದು ‘ಮಯಿಲ್’ ಹೆಸರಿನ ಕಪ್ಪು-ಬಿಳುಪು ಕಲಾತ್ಮಕ ಚಿತ್ರ, ಸರ್ಕಾರಿ ಸಾಲದಲ್ಲಿ. ಸಾಲ ಕೈಕೊಟ್ಟಿತು. ನಿರ್ಮಾಪಕ ಎಸ್.ಎ. ರಾಜಕಣ್ಣು ಸಿಕ್ಕ ಮೇಲೆ ಅದೇ ಕಥೆ ಬಣ್ಣಕ್ಕೆ ಬಂತು, ಕಮಲ್ ಹಾಸನ್ ಬಂದರು, ಇಳಯರಾಜಾ ಸಂಗೀತ ಬಂತು. ಆಗ ಕಲರ್ ನೆಗೆಟಿವ್ ಹೊರದೇಶದಿಂದ ಬರಬೇಕಿತ್ತು. ಊಟಿಯ ಫಿಲ್ಮು ಕಾರ್ಖಾನೆಯದು ಕಪ್ಪು-ಬಿಳುಪು. 35 ಎಂ.ಎಂ. ಫಿಲ್ಮು ಸೆಕೆಂಡಿಗೆ 24 ಫ್ರೇಮಿನಂತೆ ಓಡಿದರೆ ನಿಮಿಷಕ್ಕೆ 90 ಅಡಿ ಖರ್ಚಾಗುತ್ತದೆ. ಎರಡೂ ಕಾಲು ಗಂಟೆಯ ಚಿತ್ರಕ್ಕೆ ತೆರೆಯ ಮೇಲೆ ಕಾಣುವುದೇ ಸುಮಾರು 12,000 ಅಡಿ. ಒಂದು ಶಾಟಿಗೆ ನಾಲ್ಕು ಟೇಕು ಅಂದುಕೊಂಡರೂ ನಿರ್ಮಾಪಕನ ಎದೆ ಹೊಡೆದುಕೊಳ್ಳುತ್ತದೆ. ಅದಕ್ಕೇ ಸಣ್ಣ ಬಜೆಟ್ಟಿನವರು ಕ್ಯಾಮೆರಾ ಆನ್ ಮಾಡುವ ಮೊದಲು ರಿಹರ್ಸಲ್ ಮೇಲೆ ರಿಹರ್ಸಲ್ ಮಾಡಿಸುತ್ತಿದ್ದರು.

ಸ್ಲೋ ಮೋಷನ್ ಕಥೆ ಇಲ್ಲಿಯೇ ಬರುತ್ತದೆ. ತೆರೆಯ ಮೇಲೆ ಓಟ ನಿಧಾನವಾಗಿ ಕಾಣಬೇಕಾದರೆ ಕ್ಯಾಮೆರಾದಲ್ಲಿ ಫಿಲ್ಮು ಜೋರಾಗಿ ಓಡಬೇಕು. 48 ಫ್ರೇಮಿನಲ್ಲಿ ತೆಗೆದು 24ರಲ್ಲಿ ತೋರಿಸಿದರೆ ಚಲನೆ ಅರ್ಧ ವೇಗಕ್ಕೆ ಇಳಿಯುತ್ತದೆ, ಫಿಲ್ಮಿನ ಖರ್ಚು ಎರಡು ಪಟ್ಟು ಏರುತ್ತದೆ. ಅದಕ್ಕೆ ತಕ್ಕ ಕ್ಯಾಮೆರಾನೂ ಬೇಕು. ಇವರ ಹತ್ತಿರ ಅದಿರಲಿಲ್ಲ. ಎಸ್. ಜಾನಕಿ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ‘ಸೆಂದೂರ ಪೂವೇ’ ಹಾಡಿಗೆ, ಮಯಿಲಾಗಿದ್ದ ಶ್ರೀದೇವಿಯನ್ನೇ ನಿಧಾನವಾಗಿ ಓಡಿಸಿದರು! ಇಂಥ ಉಪಾಯವನ್ನು ಹಿಡಿಯುವುದು ಸುಲಭ: ಕಾಲು, ಕೈ ಹೇಳಿದ ಮಾತು ಕೇಳುತ್ತವೆ, ಲಂಗದ ಅಂಚು, ಬಿಚ್ಚಿದ ಕೂದಲು ಕೇಳುವುದಿಲ್ಲ. ಅವು ತಮ್ಮ ಸಹಜ ವೇಗದಲ್ಲೇ ಬೀಳುತ್ತವೆ. ಶ್ರೀದೇವಿ ಹುಟ್ಟಿದ್ದು 1963ರ ಆಗಸ್ಟ್‌ನಲ್ಲಿ. ಅಂದರೆ ಹದಿನಾರರ ಹೆಣ್ಣಾಗಿ ನಟಿಸುವಾಗ ಆ ಹುಡುಗಿಗೆ ಹದಿನಾಲ್ಕೂ ದಾಟಿರಲಿಲ್ಲ. ನಟನೆ ಮೆಚ್ಚುತ್ತಲೇ, ಮಯಿಲಿನ ಕೆಲವು ದೃಶ್ಯಗಳನ್ನು ಈಗ ನೋಡುವಾಗ ನನಗೆ ಮುಜುಗರವಾಗುತ್ತದೆ.

ಛಾಯಾಗ್ರಾಹಕ ಪಿ.ಎಸ್. ನಿವಾಸ್ ‘ಮೋಹಿನಿಯಾಟ್ಟಂ’ ಎಂಬ ಮಲಯಾಳಂ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದು ಬಂದವರು. ಹೊರಾಂಗಣದಲ್ಲಿ ಛಾಯಾಗ್ರಾಹಕನ ಮೊದಲ ಜಗಳ ನಡುಮಧ್ಯಾಹ್ನದ ಜೊತೆ. ಸೂರ್ಯ ನೆತ್ತಿಯ ಮೇಲೆ ಬಂದರೆ ಕಣ್ಣಿನ ಗುಳಿ, ಮೂಗಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಹಾಗಾಗಿ ಮುಖದ ಶಾಟುಗಳನ್ನು ಬೆಳಗಿಗೂ ಸಂಜೆಗೂ ಇಟ್ಟುಕೊಂಡು, ಮಧ್ಯಾಹ್ನ ಜಗಲಿಯ ಕೆಳಗೆ, ಮರದಡಿ ಕೆಲಸ ಮಾಡುವುದು ವಾಡಿಕೆ. ಬೆಳ್ಳಿ ಕಾಗದ ಅಂಟಿಸಿದ ರಿಫ್ಲೆಕ್ಟರ್ ಹಿಡಿದು ಲೈಟ್ ಬಾಯ್ ಬಿಸಿಲನ್ನು ಮುಖಕ್ಕೆ ತಿರುಗಿಸುತ್ತಾನೆ. ಮೋಡ ಬಂದರೆ ಎಲ್ಲರೂ ಆಕಾಶ ನೋಡುತ್ತಾ ಕೂರಬೇಕು, ಯಾಕೆಂದರೆ ಅರ್ಧ ದೃಶ್ಯ ಬಿಸಿಲಲ್ಲಿ, ಇನ್ನರ್ಧ ಮಬ್ಬಿನಲ್ಲಿದ್ದರೆ ಎಡಿಟಿಂಗ್ ಟೇಬಲ್ಲಿನ ಮೇಲೆ ಎರಡೂ ಕೂಡುವುದಿಲ್ಲ. ಕಟ್ಟಿದ ಸೆಟ್ಟಿನ ಬಾಡಿಗೆ ಉಳಿಯುತ್ತದೆ ನಿಜ, ಆದರೆ ಅಷ್ಟೂ ದಿನದ ಊಟ, ದಿನಭತ್ಯೆಯ ಮೀಟರು ಓಡುತ್ತಲೇ ಇರುತ್ತದೆ.

ಟೀ ಅಂಗಡಿಯ ವಾದ ಮುಗಿಯಬೇಕಾದದ್ದು ಶಬ್ದದಲ್ಲಿ. ಆ ಕಾಲದ ಹೊರಾಂಗಣ ಕ್ಯಾಮೆರಾ ಹೊಲಿಗೆ ಯಂತ್ರಕ್ಕಿಂತ ಜೋರಾಗಿ ಗರಗರ ಅನ್ನುತ್ತಿತ್ತು. ಸ್ಥಳದಲ್ಲಿ ಮಾತನ್ನು ರೆಕಾರ್ಡ್ ಮಾಡಿದರೂ ಅದು ನೆನಪಿಗಷ್ಟೇ. ಆಮೇಲೆ ಸ್ಟುಡಿಯೋದಲ್ಲಿ ಆ ತುಂಡುಗಳನ್ನು ಲೂಪ್ ಮಾಡಿ ಮತ್ತೆ ಮತ್ತೆ ಓಡಿಸುತ್ತಾ, ತುಟಿಗೆ ಹೊಂದುವಂತೆ ಡಬ್ಬಿಂಗ್ ನಡೆಯುತ್ತಿತ್ತು. ಹಕ್ಕಿ, ಬಾವಿಯ ರಾಟೆ, ಎತ್ತಿನ ಗಂಟೆ ಎಲ್ಲ ಬೇರೆಯಾಗಿ ಕೂಡಿಸಿದ್ದು. ಇದರಿಂದಾದ ಲಾಭ ಯೋಚಿಸಿ: ಶೂಟಿಂಗ್ ನೋಡಲು ನೆರೆದವರು ಕನ್ನಡದಲ್ಲಿ ಎಷ್ಟು ಗಲಾಟೆ ಮಾಡಿದರೂ ತೆರೆಗೆ ಅದು ತಾಕುವುದಿಲ್ಲ. ಫ್ರೇಮಿನಲ್ಲಿ ಕನ್ನಡ ಬೋರ್ಡೊಂದು ಬೀಳದಂತೆ ನೋಡಿಕೊಂಡರೆ ಊರು ತಮಿಳಾಯಿತು. ಎಡಿಟಿಂಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಚಿತ್ರದಲ್ಲಿ ಮಯಿಲು ಕಾಯುತ್ತಾ ನಿಲ್ಲುವ ರೈಲು ನಿಲ್ದಾಣ ಪ್ರೇಕ್ಷಕನ ಮನಸ್ಸಿನಲ್ಲಿ ಆ ಊರಿನದೇ. ಕೊಳ್ಳೇಗಾಲಕ್ಕೆ ಇವತ್ತಿಗೂ ರೈಲಿಲ್ಲ. ಹೊಲ ಒಂದೂರು, ಹಳಿ ಇನ್ನೊಂದೂರು. ನಡುವೆ ಬರೀ ಒಂದು ಕತ್ತರಿ.

ಸಿದ್ಧವಾದ ಚಿತ್ರವನ್ನು ಕೊಳ್ಳಲು ವಿತರಕರು ಮುಂದೆ ಬರಲಿಲ್ಲ. ಕೋವಣ ಕಟ್ಟಿ, ಎಲೆಅಡಿಕೆ ಜಗಿಯುತ್ತಾ ಕಾಲೆಳೆಯುವ ಹೀರೊನನ್ನು ಯಾರು ನೋಡುತ್ತಾರೆ ಎಂದಿರಬೇಕು. ರಾಜಕಣ್ಣು ತಾವೇ ಬಿಡುಗಡೆ ಮಾಡಿದರು, 175 ದಿನ ಓಡಿತು.

ಹಳ್ಳಿಯನ್ನು ತೆರೆಗೆ ತರುವ ಇದೇ ಕೆಲಸವನ್ನು ತೀರಾ ತಿರುವುಮುರುವಾಗಿ ಮಾಡಿದ ಚಿತ್ರ ನಮ್ಮಲ್ಲೇ ಇದೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆದ ರಾಮ್ ರೆಡ್ಡಿ ಅವರ ‘ತಿಥಿ’. ಕಥೆಗಾರ ಈರೇಗೌಡರ ಊರಾದ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಮೊದಲು ಜನರನ್ನು ನೋಡಿ, ಆಮೇಲೆ ಅವರ ಸುತ್ತ ಕಥೆ ಹೆಣೆದರು. ನಟನೆಯೇ ಗೊತ್ತಿಲ್ಲದ ಚನ್ನೇಗೌಡರು ಗಡ್ಡಪ್ಪನಾದರು, ಸಿಂಗ್ರಿಗೌಡರು ಸೆಂಚುರಿ ಗೌಡನಾದರು. ಹಿನ್ನೆಲೆ ಸಂಗೀತವಿಲ್ಲ, ಊರಿನ ಸದ್ದೇ ಸಂಗೀತ. ಇಂಥ ಚಿತ್ರವನ್ನು ಇನ್ನೊಂದು ರಾಜ್ಯದ ಹಳ್ಳಿಯಲ್ಲಿ ತೆಗೆದು ಮಂಡ್ಯ ಎಂದು ನಂಬಿಸಲಾಗದು. ಗಡ್ಡಪ್ಪ ಬಾಯಿ ಬಿಟ್ಟ ಕೂಡಲೇ ಗುಟ್ಟು ರಟ್ಟಾಗುತ್ತದೆ. ಎರಡರಲ್ಲಿ ಯಾವುದು ಹೆಚ್ಚು ನಿಜ ಎಂದು ಕೇಳಿದರೆ ನಾನು ‘ತಿಥಿ’ಯ ಕಡೆ ವಾಲುತ್ತೇನೆ, ಆದರೆ ಹೆಚ್ಚು ಸಲ ನೋಡಿರುವುದು ಮಯಿಲಿನ ಚಿತ್ರವನ್ನೇ.

ಈಗ ಯಾರಾದರೂ 1977ರ ಹಳ್ಳಿಯನ್ನು ತೆಗೆಯಹೊರಟರೆ ಕ್ಯಾಮೆರಾ ದೊಡ್ಡ ಖರ್ಚಲ್ಲ, ಫಿಲ್ಮಿನ ಅಡಿ ಎಣಿಸುವ ತಾಪತ್ರಯವೂ ಇಲ್ಲ. ಮೊಬೈಲ್ ಟವರು, ಡಿಶ್ ಆಂಟೆನಾ, ಆರ್‌ಸಿಸಿ ಮನೆಯ ಗ್ರಾನೈಟ್ ಕಂಬ ಇವನ್ನೆಲ್ಲ ಗ್ರಾಫಿಕ್ಸ್‌ನಲ್ಲಿ ಒಂದೊಂದಾಗಿ ಅಳಿಸುವುದಕ್ಕೆ ದುಡ್ಡು ಬೇಕು. ಅದಕ್ಕಿಂತ ಮೊದಲು, ಗುಡಿಸಲಿಗೆ ಗರಿ ಹೊದಿಸಲು ಬಲ್ಲ ಕೈಗಳನ್ನು ಹುಡುಕಬೇಕು.