ಜಪಾನಿನ ರಾಕುಗೊ ಕಥನಕಲೆ

ನಾವಿಲ್ಲಿ ವಿವೇಚಿಸುವ ರಾಕುಗೊ ಎಂಬುದು ಎಡೊ ಯುಗದಲ್ಲಿ (1603–1868) ಪಟ್ಟಣಿಗರ ನಡುವೆ ಬೆಳೆದ ಹಾಸ್ಯಕಥನ. ಕಥಕನೊಬ್ಬನೇ ದಿಂಬಿನ ಮೇಲೆ ಮಂಡಿಯೂರಿ ಕುಳಿತು, ಮುಖವನ್ನು ಎಡಬಲಕ್ಕೆ ಹೊರಳಿಸುತ್ತ ಎಲ್ಲ ಪಾತ್ರಗಳನ್ನೂ ನಿರ್ವಹಿಸುವನು. ಬೀಸಣಿಗೆ, ಕೈವಸ್ತ್ರಗಳೇ ಅವನ ಪರಿಕರಗಳು. ಮಡಿಸಿದ ಬೀಸಣಿಗೆಯೇ ಊಟದ ಕಡ್ಡಿಯೂ ಹೊಗೆಕೊಳವೆಯೂ ಆಗುವುದು. 'ಒಚಿ' ಎಂಬ ಚಮತ್ಕಾರದ ಕೊನೆಮಾತಿನಿಂದ ಕಥೆ ಮುಗಿಯುವುದು.

1941ರಲ್ಲಿ, ಯುದ್ಧಕಾಲದ ಕಟ್ಟುಪಾಡಿಗೆ ಮಣಿದು, ಕಥಕರು ವೇಶ್ಯಾವಾಟಿಕೆ, ಜಾರಸಂಬಂಧ ಮೊದಲಾದ ವಿಷಯಗಳ 53 ಕಥೆಗಳನ್ನು ತ್ಯಜಿಸಿ, ಟೋಕಿಯೋದ ಅಸಾಕುಸದ ಹೊಂಪೊಜಿ ದೇವಾಲಯದಲ್ಲಿ ಅವುಗಳಿಗೆ ಸಮಾಧಿ ಕಟ್ಟಿದರು. 1946ರಲ್ಲಿ ಅವು ಮತ್ತೆ ರಂಗವೇರಿದುವು. ಗುರುಮುಖದಿಂದ ಶಿಷ್ಯನಿಗೆ ಸಾಗುವ ಕಥೆಯನ್ನು ಕಲ್ಲಿನಡಿ ಹೂಳಲಾಗದೆಂಬುದು ಇದರಿಂದ ವ್ಯಕ್ತ. ಆದರೆ ಕಲಾವಿದರು ತಾವೇ ತಮ್ಮ ಬಾಯಿ ಕಟ್ಟಿಕೊಂಡುದು ಇನ್ನೂ ಹೆಚ್ಚು ವಿಚಾರಾರ್ಹವೆಂದು ನಾವು ಭಾವಿಸುತ್ತೇವೆ.