ನಿಮಗಿದು ಗೊತ್ತೇ? ಕೋಶದ ಗೊಬ್ಬರಗುಂಡಿಗೆ ಹಿಡಿದ ದೀಪ

● ಮಲೆನಾಡಿನ ಗುಡ್ನಾಪುರದ ಸುತ್ತಿನ ತೋಟಗಳಲ್ಲಿ ಬೆಟ್ಟದ ದರಕು (ಒಣಗಿದ ಎಲೆ) ಕೊಟ್ಟಿಗೆ ಸೇರಿ, ಗೊಬ್ಬರವಾಗಿ, ಅಡಿಕೆ ಮರದ ಬುಡಕ್ಕೆ ಬೀಳುತ್ತದಲ್ಲ? ನಮ್ಮ ಜೀವಕೋಶಗಳೂ ಇದನ್ನೇ ಮಾಡುತ್ತವೆ. ಸವೆದ ಭಾಗಗಳನ್ನು ಪೊರೆಯ ಚೀಲದಲ್ಲಿ ಕಟ್ಟಿ, ಲೈಸೋಸೋಮ್ ಎಂಬ ಆಮ್ಲದ ಗುಂಡಿಯಲ್ಲಿ ಕರಗಿಸಿ, ಬಂದ ಸಾರವನ್ನು ಮತ್ತೆ ಬಳಸುತ್ತವೆ. 1963ರಲ್ಲಿ ಇದಕ್ಕೆ ಆಟೋಫಜಿ ಎಂದು ಹೆಸರಿಟ್ಟವರು ಕ್ರಿಶ್ಚಿಯನ್ ದ ದ್ಯೂವ್.

● ಜಪಾನಿನ ಯೋಶಿನೋರಿ ಓಸುಮಿ ಹಸಿದ ಯೀಸ್ಟಿನೊಳಗೆ ಈ ಚೀಲಗಳು ಕುಣಿಯುವುದನ್ನು ಕಂಡದ್ದು ಸಾಧಾರಣ ಸೂಕ್ಷ್ಮದರ್ಶಕದಲ್ಲಿ! 2016ರ ನೊಬೆಲ್ ಅವರದು.

● ಈ ಚೀಲಗಳನ್ನು ಹೊಳೆಯಿಸಿ ನೋಡುವ ಬಗೆಯೂ ಇದೆ. ಅದನ್ನು ತಿಳಿಯಲು, ನೋಟು ಪರೀಕ್ಷಿಸುವ ನೇರಳಾತೀತ ದೀಪವನ್ನು ಎಣ್ಣೆಯಲ್ಲಿ ಕಲಸಿದ ಅರಿಶಿನಕ್ಕೆ ಹಿಡಿದು ನೋಡಿ. ಹಸಿರು ಬೆರೆತ ಹಳದಿಯಲ್ಲಿ ಹೊಳೆಯುತ್ತದೆ. ಒಂದು ಬಣ್ಣದ ಬೆಳಕು ನುಂಗಿ ಇನ್ನೊಂದು ಬಣ್ಣದಲ್ಲಿ ಉಗುಳುವ ಈ ಗುಣವೇ ಪ್ರತಿದೀಪ್ತಿ.

● ಜೆಲ್ಲಿ ಮೀನಿನಲ್ಲಿ ಸಿಕ್ಕ ಹಸಿರು ಹೊಳೆಯುವ ಪ್ರೋಟೀನನ್ನು, ಚೀಲದ ಪೊರೆಗೆ ಅಂಟುವ ಎಲ್‌ಸಿ3 ಎಂಬ ಪ್ರೋಟೀನಿಗೆ ವಿಜ್ಞಾನಿಗಳು ಜೋಡಿಸುತ್ತಾರೆ. ಕೋಶದ ತುಂಬ ಹರಡಿದ್ದ ಹಸಿರು, ಚೀಲ ಹುಟ್ಟಿದಲ್ಲೆಲ್ಲ ಚುಕ್ಕಿಯಾಗುತ್ತದೆ. ಕೋಶವನ್ನು ಕೊಲ್ಲದೆ ಇದನ್ನು ನೋಡಬಹುದೆಂಬುದು ನನಗೆ ಇಂದಿಗೂ ಬೆರಗು.

● ಚುಕ್ಕಿ ಹೆಚ್ಚಿದರೆ ಕೆಲಸ ಜೋರಾಗಿದೆ ಎನ್ನಬಹುದೇ? ಅವಸರ ಬೇಡ. ತೋಟದ ಕಾಲುವೆಯಲ್ಲಿ ನೀರು ಏರಿದ್ದು ಮಳೆಯಿಂದಲೂ ಇರಬಹುದು, ಕೆಳಗೆಲ್ಲೋ ಕಸ ಕಟ್ಟಿದ್ದರಿಂದಲೂ ಇರಬಹುದು. ಚುಕ್ಕಿಯೂ ಹಾಗೆಯೇ: ಚೀಲ ಹೆಚ್ಚು ಹುಟ್ಟಿರಬಹುದು, ಇಲ್ಲವೇ ಗುಂಡಿ ಸೇರದೆ ಉಳಿದಿರಬಹುದು. ಈ ಗೊಂದಲ ಬಿಡಿಸಲು 2007ರಲ್ಲಿ ಜಪಾನಿನ ವಿಜ್ಞಾನಿಗಳು ಎಲ್‌ಸಿ3ಗೆ ಹಸಿರು, ಕೆಂಪು ಎರಡೂ ದೀಪ ಕಟ್ಟಿದರು. ಹಸಿರಿಗೆ ಆಮ್ಲ ಆಗದು, ಆರಿಹೋಗುತ್ತದೆ; ಕೆಂಪು ತಡೆಯುತ್ತದೆ. ಎರಡೂ ಬೆರೆತು ಹಳದಿ ಕಂಡರೆ ಚೀಲ ಇನ್ನೂ ದಾರಿಯಲ್ಲಿದೆ, ಬರೀ ಕೆಂಪು ಕಂಡರೆ ಗುಂಡಿ ಸೇರಿದೆ.

● ಮಳೆಗಾಲದ ಹೊಸ್ತಿಲಲ್ಲಿ ನಮ್ಮ ಮಲೆನಾಡಿನ ಬೇಲಿಗಳಲ್ಲಿ ಮಿನುಗುವ ಮಿಣುಕುಹುಳಕ್ಕೂ ಈ ಕಥೆಯಲ್ಲಿ ಪಾಲುಂಟು! ಅದರದು ಪ್ರತಿದೀಪ್ತಿಯಲ್ಲ, ಹೊರಗಿನ ಬೆಳಕು ಬೇಡದೆ ಕಿಣ್ವದಿಂದ ಹುಟ್ಟುವ ಬೆಳಕು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯ ಅವರ ತಂಡ 2017ರಲ್ಲಿ ಆ ಕಿಣ್ವವನ್ನು ಯೀಸ್ಟಿನೊಳಗೆ ದುಡಿಸಿತು. ಅದು ಪೆರಾಕ್ಸಿಸೋಮ್ ಎಂಬ ಪುಟ್ಟ ಭಾಗವನ್ನು ಸೇರಿ ಕೂರುತ್ತದೆ. ಯೀಸ್ಟ್ ಆ ಭಾಗವನ್ನು ತಿಂದಷ್ಟೂ ಬೆಳಕು ಕುಗ್ಗುತ್ತದೆ. ಹೀಗೆ ಬಗೆಬಗೆಯ ರಾಸಾಯನಿಕಗಳಲ್ಲಿ ಯಾವುದು ಆಟೋಫಜಿಯನ್ನು ಚುರುಕು ಮಾಡುತ್ತದೆ ಎಂದು ಬೇಗ ಹುಡುಕಬಹುದು.

● ಅದೇ ವರ್ಷ ಇದೇ ತಂಡ, 6-ಬಯೋ ಎಂಬ ವಸ್ತು ಆಟೋಫಜಿಯನ್ನು ಹೆಚ್ಚಿಸಿ, ಪಾರ್ಕಿನ್ಸನ್ ಲಕ್ಷಣದ ಇಲಿಗಳ ಮೆದುಳಿನ ಕೋಶಗಳಿಗೆ ರಕ್ಷಣೆ ಕೊಡುತ್ತದೆಂದು ತೋರಿಸಿತು. ಕಂಡದ್ದು ಇಲಿಯಲ್ಲಿ, ಮನುಷ್ಯರಲ್ಲಲ್ಲ. ಆ ವಸ್ತುವಿನ ಮೂಲ ರೂಪ ಸಿಗುವುದು, ಹಿಂದೆ ರಾಜರ ನೇರಳೆ ಬಟ್ಟೆಗೆ ಬಣ್ಣ ಕೊಡುತ್ತಿದ್ದ ಕಡಲ ಬಸವನಹುಳದಲ್ಲಿ.